ಮಾಳಿಗೆಯ ಮೇಲಿನ ಕೆಂಪು ಸೀರೆ

ಮಾಗಿಯ ಮುಂಬೆಳಗು ಹುಮನಾಬಾದಿನ ಕೆಂಪು ನೆಲದ ಮೇಲೆ ಇಳಿಯುವ ಬಗೆಯನ್ನು ನೀವು ಕಂಡಿದ್ದೀರಾ, ಸಹೃದಯರೇ? ತೊಗರಿಯ ಹೊಲಗಳು ಹಳದಿ ಹೂವಿನ ಭಾರಕ್ಕೆ ತಲೆಬಾಗಿ ನಿಂತಿರುತ್ತವೆ. ಇಬ್ಬನಿಯ ತೆಳುಪರದೆಯ ಆಚೆ ವೀರಭದ್ರೇಶ್ವರನ ಗುಡಿಯ ಶಿಖರ ಮೊದಲು ಮಸುಕಾಗಿ, ಆಮೇಲೆ ಹೊನ್ನಾಗಿ, ಕೊನೆಗೆ ಬರಿಯ ಕಲ್ಲಾಗಿ ಕಾಣಿಸಿಕೊಳ್ಳುತ್ತದೆ. ಮಾಣಿಕನಗರದ ಕಡೆಯಿಂದ ಭಜನೆಯ ನಾದ ತಂಗಾಳಿಯ ಹೆಗಲೇರಿ ಬಂದು ಓಣಿ ಓಣಿಗಳಲ್ಲಿ ಕರಗುತ್ತದೆ. ಇವೆಲ್ಲದರ ಮೇಲೆ ಆ ನಿರಭ್ರ ನೀಲಾಕಾಶ... ಎಷ್ಟು ವಿಶಾಲ, ಎಷ್ಟು ನಿರ್ಮಲ, ಎಷ್ಟು ನಿರ್ದಯ! ಈ ಊರಿನ ಮಂದಿ ಆಕಾಶ ನೋಡುವುದು ಮಳೆಗಾಗಿ. ಪಾರ್ವತಿಬಾಯಿಯೊಬ್ಬಳು ಮಾತ್ರ ಅರ್ಧ ಶತಮಾನದಿಂದ ಬೇರೊಂದು ನೆನಪಿಗಾಗಿ ನೋಡುತ್ತಿದ್ದಳು.

ಅವಳ ಗಂಡ ವೀರಭದ್ರ ಯುದ್ಧವಿಮಾನದ ಪೈಲಟ್. ಎಪ್ಪತ್ತೊಂದರ ಯುದ್ಧಕ್ಕೆ ಮುಂಚಿನ ದಸರೆಯಲ್ಲಿ ರಜೆಗೆ ಬಂದವನು, ಹೊರಡುವಾಗ ನವವಧುವಿನ ಕಿವಿಯಲ್ಲಿ ಒಂದು ಮಾತು ಹೇಳಿದ್ದ. "ಪಾರೂ, ಬರೋ ತಿಂಗಳ ಹೈದರಾಬಾದಿಂದ ಒಂದು ವಿಮಾನ ಪಡುವಣಕ್ಕ ಒಯ್ಯಾಂವ ಇದ್ದೀನಿ. ನಮ್ಮ ಮಾಳಿಗಿ ಮ್ಯಾಲಿಂದನೇ ಹಾದಿ. ನಿನ್ನ ಮದುವಿ ಸೀರಿ ಹರವಿ ಇಡು, ಅದನ್ನ ನೋಡಿ ರೆಕ್ಕಿ ವಾಲಿಸಿ ಹೋಗ್ತೀನಿ." ದಿನವನ್ನೂ ಅವನೇ ಹೇಳಿದ್ದ.

ಆದರೆ ವಿಧಿಗೆ ಬೇರೆ ದಿನ ಸಿಗಲಿಲ್ಲವೇ! ಅಂದೇ ಬೆಳಗ್ಗೆ ಎದುರುಮನೆಯ ಮುನ್ನಿ ಬೀಯ ತಂದೆ ತೀರಿಕೊಂಡರು. ಒಂದು ಮನೆಯಲ್ಲಿ ಸಾವಾದರೆ ಆ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಬಣ್ಣದ ಬಟ್ಟೆ ಬಿಸಿಲಿಗೆ ಹಾಕುವುದಿಲ್ಲ. ಹಿಂದೂ ಮನೆಯೋ ಮುಸಲ್ಮಾನರ ಮನೆಯೋ ಎಂದು ಕೇಳುವವರಿಲ್ಲ. ಕೆಳಗೆ ಜನಾಜಾ ಹೊರಡುತ್ತಿದ್ದಾಗ ಮೇಲೆ ಮದುವೆಯ ಕೆಂಪನ್ನು ಹರವುವುದು ಹೇಗೆ? ಮಡಿಕೆ ಬಿಚ್ಚದ ಸೀರೆಯನ್ನು ಎದೆಗವಚಿಕೊಂಡು ಪಾರ್ವತಿ ಮಾಳಿಗೆಯ ಮೂಲೆಯಲ್ಲಿ ನಿಂತಳು. ವಿಮಾನ ಬಂತು... ತಗ್ಗಿ ಬಂತು... ರೆಕ್ಕೆ ವಾಲಿಸಿತು... ಹೋಯಿತು! ಕೆಲವೇ ವಾರಗಳಲ್ಲಿ ಯುದ್ಧ ಹತ್ತಿಕೊಂಡಿತು. ವೀರಭದ್ರ ಮರಳಲಿಲ್ಲ.

ಹೋದವರಿಗಾಗಿ ಅಳುವ ದುಃಖಕ್ಕೆ ಒಂದು ದಡವಿದೆ. ಆದರೆ ನನ್ನನ್ನು ಮರೆತಳು ಎಂದುಕೊಂಡೇ ಹೋದನೇನೋ ಎಂಬ ಕೊರಗಿಗೆ ದಡವೆಲ್ಲಿ?

ಈಗ ಮನೆಮಂದಿಗೆಲ್ಲ ಆಯಿಯಾಗಿದ್ದ ಪಾರ್ವತಿಬಾಯಿ ಈ ಸಲದ ಚಳಿಗೆ ಹಾಸಿಗೆ ಹಿಡಿದಾಗ, ವೀರಭದ್ರನ ತಮ್ಮನ ಮೊಮ್ಮಗಳಾದ ಸಾಕ್ಷಿಯನ್ನು ಹತ್ತಿರ ಕರೆದಳು. ಸಾಕ್ಷಿ ಬಸವಕಲ್ಯಾಣದ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. "ರಾಜರ ಸುದ್ದಿ ಎಲ್ಲಾ ಹುಡುಕಿ ತೆಗೀತಿ. ಅವತ್ತ ಸೀರಿ ಕಾಣದ ಅವರ ಮನಸ್ಸು ನೊಂದಿತ್ತೇನು, ಅಷ್ಟು ತಿಳಕೊಂಡು ಬಾರವಾ. ಅದೊಂದು ತಿಳೀದ ನನಗ ಜೀವ ಬಿಡಾಕ ಆಗವಲ್ದು."

ಸಾಕ್ಷಿ ಕಂಡಕಂಡ ಕಚೇರಿಗೆಲ್ಲ ಬರೆದಳು. ಎಲ್ಲ ಕಡೆಯಿಂದಲೂ ಸೌಜನ್ಯಪೂರ್ಣವಾದ ಒಂದೇ ಉತ್ತರ: ಗಡಿಯಾಚೆ ಹಾರಿದರು, ಮರಳಲಿಲ್ಲ. ಕೊನೆಗೆ ನಿವೃತ್ತ ಪೈಲಟರ ಸಂಘವೊಂದರ ಮೂಲಕ ವೀರಭದ್ರನ ಗೆಳೆಯ ದಿಗಂಬರರ ಸುಳಿವು ಸಿಕ್ಕಿತು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು: ಅವರು ಬಸವಕಲ್ಯಾಣದಲ್ಲೇ ಮಗಳ ಮನೆಗೆ ಬಂದಿದ್ದರು!

ತ್ರಿಪುರಾಂತ ಕೆರೆಯ ದಂಡೆಯಲ್ಲಿ ಸಂಜೆಯ ಬೆಳಕು ನೀರಿಗಿಳಿಯುತ್ತಿದ್ದ ಹೊತ್ತು. ಸಾಕ್ಷಿ ಕೇಳಿದ್ದಕ್ಕೆ ವೃದ್ಧ ದಿಗಂಬರರು ನೀರಿನತ್ತ ನೋಡುತ್ತ ಹೇಳಿದರು.

"ಅವತ್ತ ಹುಮನಾಬಾದ ಮ್ಯಾಲೆ ಹಾರಿದಾಂವ ವೀರಭದ್ರ ಅಲ್ಲ, ಬೇಟಾ. ನಾನು. ಅವನಿಗಿ ಮೊದಲೇ ಗಡಿಗೆ ಕಳಿಸಿಬಿಟ್ಟಿದ್ರು. 'ಗುಡಿ ಶಿಖರದ ಬಾಜೂಕ ನಮ್ಮ ಮಾಳಿಗಿ, ಕೆಂಪು ಸೀರಿ ಇರ್ತದ, ನನ್ನ ಬದ್ಲಿ ರೆಕ್ಕಿ ವಾಲಿಸು' ಅಂತ ಹೇಳಿ ಹೋಗಿದ್ದ."

"ಸೀರಿ ಕಾಣಿಸ್ತೇನ್ರಿ, ಅಜ್ಜಾರ?"

"ಇಲ್ಲ. ಆದ್ರ ಅವ ಇದ್ದ ಗಡಿ ನೆಲೀಗೇ ಹೋಗಿ ನಾ ಇಳಿದ ಕೂಡ್ಲೇ ಓಡಿ ಬಂದು, ರಾಮ್ ರಾಮ್ ಸೈತ ಅನ್ನದ, 'ಇತ್ತೇನು?' ಅಂತ ಕೇಳಿದ. ಆ ಮಾರಿ ನೋಡಿ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಇತ್ತು, ತೊಗರಿ ಹೊಲದಾಗ ದಾಸಾಳ ಹೂ ಬಿದ್ದಂಗ ಇತ್ತು ಅಂದೆ... ಅದನ್ನೇ ಎಲ್ಲರಿಗೂ ಹೇಳ್ಕೋತ ತಿರುಗಿದ. ಕಡೀ ಸಲ ವಿಮಾನ ಹತ್ತುವಾಗೂ ನಕ್ಕೋತ ಹತ್ತಿದ."

ಮರುದಿನ ಹುಮನಾಬಾದಿನ ಬಸ್ಸಿನಲ್ಲಿ ಕುಳಿತ ಸಾಕ್ಷಿಯ ಎದೆ ಇಬ್ಬಗೆಯಾಗಿತ್ತು. ಹೇಳಿದರೆ ಆಯಿಯ ಕೊರಗು ಹೋಗುತ್ತದೆ, ನಿಜ. ಆದರೆ ಅದರೊಡನೆ ಆಯಿ ಬದುಕಿಡೀ ಕಣ್ಣಲ್ಲಿ ಕಾಪಿಟ್ಟುಕೊಂಡು ಬಂದ ಗಂಡನ ಕೊನೆಯ ದರ್ಶನವೂ ಹೋಗುತ್ತದಲ್ಲ! ಮುಳ್ಳು ತೆಗೆಯಲು ಹೋಗಿ ಕಣ್ಣನ್ನೇ ಕಿತ್ತಂತಾದರೆ? ದಾರಿಯುದ್ದಕ್ಕೂ ಯೋಚಿಸಿದಳು, ಕೊನೆಗೆ ಸುಳ್ಳು ಹೇಳುವ ಧೈರ್ಯವಾಗದೆ ಎಲ್ಲವನ್ನೂ ಹೇಳಿದಳು.

ಆಯಿ ಕಣ್ಣು ಮುಚ್ಚಿದಳು. ಸುಕ್ಕುಗಳ ನಡುವೆ ಕಣ್ಣೀರು ನಿಧಾನವಾಗಿ ದಾರಿ ಮಾಡಿಕೊಂಡಿತು.

"ಹಂಗಾದ್ರ... ನಾ ನೋಡಿದ್ದು ಅವರಿಗಲ್ಲ?"

"ಅಲ್ಲ, ಆಯಿ."

ಅಯ್ಯೋ, ಆ ಸಂಕಟವೇ! ಹೊಸದಾಗಿ ವಿಧವೆಯಾದವಳಂತೆ ಅವಳು ಸೆರಗನ್ನು ಬಾಯಿಗೆ ಒತ್ತಿ ಬಿಕ್ಕಿದಳು. ಸಾಕ್ಷಿ ತಾನು ಮಾಡಿದ್ದು ತಪ್ಪೆಂದೇ ತಿಳಿದಳು. ಬಿಸಿಲು ಹೊಸ್ತಿಲು ದಾಟಿ ಒಳಬಂದ ಮೇಲೆ ಆಯಿ ಕಣ್ಣೊರೆಸಿಕೊಂಡಳು.

"ಸೀರಿ ಹರವೀನಿ ಅಂತ ತಿಳಕೊಂಡೇ ಹ್ವಾದ್ರಲ್ಲ?"

"ಹೌದು. ನಕ್ಕೋತ ಹೋದ್ರಂತ."

"ಮತ್ತ ಸೀರಿ ಇತ್ತು ಅಂದ ಆ ಪುಣ್ಯಾತ್ಮನ ಮಾತು ಯಾಕ ಸುಳ್ಳಾಗೇ ಉಳೀಬೇಕು? ಪೆಟ್ಟಿಗಿ ತೆಗಿ. ನನಗ ಮ್ಯಾಲೆ ಹತ್ತಿಸು."

ಮೆಟ್ಟಿಲು ಮೆಟ್ಟಿಲಿಗೂ ಉಸಿರು ತೆಗೆದುಕೊಳ್ಳುತ್ತ ಆಯಿ ಮಾಳಿಗೆ ಹತ್ತಿದಳು. ಮಡಿಕೆಗಳಲ್ಲಿ ಜರಿ ಹರಿದಿತ್ತು, ಆದರೆ ಕೆಂಪು ಮಾಸಿರಲಿಲ್ಲ. ಎದುರುಮನೆಯ ಮುನ್ನಿ ಬೀ, ಈಗ ಅವಳೂ ಮುದುಕಿ, ಇದನ್ನು ಕಂಡು ಊರುಗೋಲು ಊರುತ್ತ ಬಂದಳು. "ನಮ್ಮ ಅಬ್ಬಾನ ಸಲುವಾಗಿ ಅವತ್ತ ಮಡಚಿ ಇಟ್ಟಿದ್ದಿ, ಅಕ್ಕಾ. ಇವತ್ತ ಒಂದು ತುದಿ ನಾ ಹಿಡೀತೀನಿ." ಮೂವರು ಹೆಂಗಸರು ಸೀರೆ ಹರವಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟರು.

ಅಂದು ಯಾವ ವಿಮಾನವೂ ಬರಲಿಲ್ಲ. ಆಯಿ ಆಕಾಶವನ್ನು ನೋಡಲೂ ಇಲ್ಲ. ಕಲ್ಲಿನ ಕೆಳಗೆ ಮಿಸುಕಾಡುತ್ತಿದ್ದ ಸೆರಗಿನ ಮೇಲೆ ಕೈಯಿಟ್ಟುಕೊಂಡು, ಹೊತ್ತು ಮುಳುಗುವವರೆಗೆ ಕುಳಿತಿದ್ದಳು. ಕಾಲವೆಂಬುದು ಹೋದವರನ್ನು ಮರಳಿಸುವುದಿಲ್ಲ, ಓದುಗರೇ; ಒಮ್ಮೊಮ್ಮೆ ಉಳಿದವರ ಕೈಯಲ್ಲಿದ್ದ ಕೊನೆಯ ಚಿತ್ರವನ್ನೂ ಕಸಿದುಕೊಳ್ಳುತ್ತದೆ. ಆದರೂ ಮನುಷ್ಯಹೃದಯದ ಔದಾರ್ಯವನ್ನು ನೋಡಿ! ತನ್ನದೆಂದುಕೊಂಡದ್ದೆಲ್ಲವನ್ನೂ ಕಳೆದುಕೊಂಡ ಮೇಲೂ, ತನ್ನವನ ಕೊನೆಯ ನಗು ನಿಜವಾಗಲಿ ಎಂದು ಅದು ಇಷ್ಟು ತಡವಾಗಿ, ಇಷ್ಟು ಬರಿದಾದ ಆಕಾಶದ ಕೆಳಗೆ, ಕೊಟ್ಟ ಮಾತನ್ನು ಬಿಚ್ಚಿ ಹರವುತ್ತದೆ...