ಮೂವತ್ತಾರು ಬಟ್ಟೆಯೊಳಗಿನ ಸುಳಿಗಾರ

ನಾನು ‘ಸುಳಿಗಾರ’ ಓದಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಲಿ. ‘ಸುಳಿಗಾರ ಬಳಗ’ ಎಂಬ ವಾಟ್ಸಾಪ್ ಗುಂಪಿಗೆ ಎಂಟು ವರ್ಷದಿಂದ ನಾನೇ ಅಡ್ಮಿನ್. ಸದಸ್ಯರು ಇನ್ನೂರಾ ಹನ್ನೆರಡು. ಆ ಕಾಮಿಕ್ಸಿನ ಬಗ್ಗೆ ಯಾವ ತಕರಾರು ಬಂದರೂ ಬೋರಗಾಂವದ ಡ್ರಾಯಿಂಗ್ ಟೀಚರ್ ಬ್ರಾಹ್ಮಿ, ಅಂದರೆ ನಾನು, ಹೇಳಿದ್ದೇ ಕೊನೆಯ ಮಾತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಲವತ್ತು ವರ್ಷದ ಹಿಂದೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿನ ಲೇಬಲ್ ಅಚ್ಚು ಹಾಕುತ್ತಿದ್ದ ಸಣ್ಣ ಪ್ರೆಸ್ಸೊಂದು, ಕೆಲಸವಿಲ್ಲದ ದಿನಗಳಲ್ಲಿ, ಅದೇ ಲೇಬಲ್ಲಿನ ಬಣ್ಣಗಳಲ್ಲಿ ಹನ್ನೆರಡು ಚಿತ್ರಕಥೆಯ ಪುಸ್ತಕ ತಂದಿತ್ತು. ನಾಯಕ ಕೃಷ್ಣಾ ಹೊಳೆಯ ಅಂಬಿಗ. ಮುಖಕ್ಕೆ ಮುಖವಾಡ. ಒಂದೂರಿನ ಸುಳಿಗೆ ಧುಮುಕಿದರೆ ಇನ್ನೊಂದೂರಿನ ಸುಳಿಯಲ್ಲಿ ಮೇಲೆ ಬರುತ್ತಾನೆ, ಕಳ್ಳರನ್ನು ಹಿಡಿಯುತ್ತಾನೆ, ಮತ್ತೆ ನೀರಿಗಿಳಿಯುತ್ತಾನೆ. ಪ್ರೆಸ್ಸು ಮುಚ್ಚಿತು, ಪುಸ್ತಕಗಳು ರದ್ದಿಯಲ್ಲಿ ಹೋದವು. ಈಗ ಸಿಗುವುದು ಮೊದಲ ಮೂರು ಸಂಚಿಕೆಗಳ, ಅಕ್ಷರ ಕೂಡ ಓದಲಾಗದ ಮಸುಕು ಫೋಟೋ, ಉಳಿದವುಗಳ ಮುಖಪುಟ ಅಷ್ಟೇ. ಅಭಿಮಾನಕ್ಕೆ ಅಷ್ಟು ಸಾಕಾಗಿತ್ತು. ನಮ್ಮ ಗುಂಪಿನಲ್ಲಿ ‘ಸಣ್ಣವರಿದ್ದಾಗ ಓದಿದ್ದೆ, ಈಗ ಅಷ್ಟು ನೆನಪಿಲ್ಲ’ ಎನ್ನದವರೇ ಇಲ್ಲ.

ಎಂಟು ವರ್ಷದ ಹಿಂದೆ ಒಂದು ದಿನ ಕಥೆಯ ಮುಕ್ತಾಯದ ಬಗ್ಗೆ ಜಗಳ ಹತ್ತಿತು. ಮುಖವಾಡದ ಹಿಂದೆ ಯಾರು, ಹನ್ನೆರಡನೆಯದರಲ್ಲಿ ಏನಾಗುತ್ತದೆ ಎಂದು ಎಲ್ಲರೂ ಕಿರುಚಾಡುತ್ತಿದ್ದರು. ನನಗೆ ತಲೆ ಕೆಟ್ಟಿತು. ‘ನಮ್ಮ ಸೋದರಮಾವನ ಅಟ್ಟದ ಮೇಲೆ ಹನ್ನೆರಡೂ ಇದ್ದವು, ನಾನು ಓದಿದ್ದೇನೆ, ಸುಮ್ಮನಿರಿ’ ಎಂದು ಬರೆದೆ. ಎಲ್ಲರೂ ಸುಮ್ಮನಾದರು. ಆಮೇಲೆ ಹೇಳು ಹೇಳು ಎಂದು ಬೆನ್ನು ಬಿದ್ದರು. ಹೇಳಿದೆ. ಕೊನೆಗೆ ಸುಳಿಗಾರ ಮುಖವಾಡ ತೆಗೆಯುವುದೇ ಇಲ್ಲ, ದಂಡೆಯ ಮೇಲಿನ ಮಗುವಿಗೆ ‘ನೀರಿಗೆ ಬೆನ್ನು ತೋರಿಸಬೇಡ’ ಎಂದು ಹೇಳಿ ಸುಳಿಗೆ ಧುಮುಕುತ್ತಾನೆ, ಮತ್ತೆ ಬರುವುದಿಲ್ಲ. ಓದಿದವರು ಅತ್ತರು. ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸಂಗ್ರಾಮನಂತೂ ಆ ಮಾತನ್ನು ಮೊಣಕೈಯಿಂದ ಮುಂಗೈವರೆಗೆ ಹಚ್ಚೆ ಹಾಕಿಸಿಕೊಂಡ. ಸುಳ್ಳನ್ನು ಅಳಿಸಬಹುದು, ಹಚ್ಚೆಯನ್ನು ಹೇಗೆ ಅಳಿಸುವುದು?

ಇನ್ನು ಈ ವರ್ಷದ ಶ್ರುತಪಂಚಮಿಯ ಮಾತು.

ಜೈನರಲ್ಲಿ ಅದು ಪುಸ್ತಕಗಳ ಹಬ್ಬ. ಬಸದಿಯ ಕಪಾಟಿನಲ್ಲಿರುವ ಶಾಸ್ತ್ರಗ್ರಂಥಗಳನ್ನೆಲ್ಲ ಹೊರಗೆ ತೆಗೆದು, ಧೂಳು ಹೊಡೆದು, ಹಳೆಯ ಬಟ್ಟೆ ಬಿಚ್ಚಿ, ಹೊಸ ಬಟ್ಟೆ ಸುತ್ತಿ, ಪೂಜೆ ಮಾಡಿ ಒಳಗಿಡುತ್ತೇವೆ. ಯಾವ ಮನೆಯವರು ಕೊಟ್ಟ ಗಂಟೋ ಆ ಮನೆಯವರೇ ಅದಕ್ಕೆ ಬಟ್ಟೆ ಸುತ್ತಬೇಕು. ನಮ್ಮ ಹಿಂದಿನ ಓಣಿಯ ಜಿನಮತಿ ಆಯಿಯದೂ ಒಂದು ಗಂಟು. ಗಂಡ ರಾವಸಾಹೇಬರು ತೀರಿದ ವರ್ಷ ಬಸದಿಗೆ ಕೊಟ್ಟದ್ದು. ಆಯಿಗೆ ಓದು ಬರಹ ಬಾರದು, ಎಂಬತ್ತರ ಹತ್ತಿರದ ವಯಸ್ಸು, ನಾಲಿಗೆ ಮಾತ್ರ ಕುಡುಗೋಲು. ಪ್ರತಿ ವರ್ಷ ಮಗ್ಗದಿಂದ ಹೊಸ ಹಳದಿ ಬಟ್ಟೆ ತಂದು ತನ್ನ ಕೈಯಾರೆ ಸುತ್ತುತ್ತಾಳೆ.

ಆದರೆ ಹಳೆಯದನ್ನು ಬಿಚ್ಚುತ್ತಿರಲಿಲ್ಲ! ಹಳೆಯದರ ಮೇಲೆಯೇ ಹೊಸದು. ಮೂವತ್ತಾರು ವರ್ಷ ಹೀಗೆ ಸುತ್ತಿ ಸುತ್ತಿ ಆ ಗಂಟು ಲೋಡು ದಿಂಬಿನಷ್ಟಾಗಿತ್ತು. ಈ ಸಲ ಕಪಾಟಿನ ಖಾನೆಯಲ್ಲಿ ಹಿಡಿಸಲೇ ಇಲ್ಲ. ಪೂಜೆ ಮಾಡಿಸುವ ಸುಹಾಸ ಉಪಾಧ್ಯೆಯವರು ಎರಡು ಸಲ ಒತ್ತಿ ನೋಡಿ ಬೆವರು ಒರೆಸಿಕೊಂಡರು.

“ಆಯಿ, ಇದು ಒಳಗ ಹೋಗೂದಿಲ್ಲರಿ. ಹಳೇ ಬಟ್ಟಿ ಬಿಚ್ಚಲೇಬೇಕು.”

ಆಯಿಯ ಮುಖ ಸಣ್ಣದಾಯಿತು. “ಬ್ಯಾರೆ ಕಪಾಟಿನಾಗ ಇಡ್ರಿ.”

“ಎಲ್ಲಾ ಕಪಾಟೂ ತುಂಬ್ಯಾವರಿ.”

ಆಯಿ ಗಂಟನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಬ್ರಾಹ್ಮಿ, ನೀ ಬಿಚ್ಚು ಬೇ. ಸಾವಕಾಶ.”

ಬಿಚ್ಚಿದೆ. ಹಳದಿ, ಅದರೊಳಗೆ ಮಾಸಿದ ಹಳದಿ, ಕೆಂಪು, ಮತ್ತೆ ಹಳದಿ. ಉಳ್ಳಾಗಡ್ಡಿ ಸುಲಿದ ಹಾಗೆ ಸುಲಿದದ್ದೇ ಸುಲಿದದ್ದು. ಪ್ರತಿ ಪದರದಲ್ಲೂ ಲವಂಗ, ಒಣಗಿದ ಬೇವಿನೆಲೆ. ಕೊನೆಯ ಬಟ್ಟೆಯ ಮೂಲೆ ಎತ್ತಿದಾಗ ನೀಲಿ ಕಂಡಿತು. ತಾಡವೋಲೆಯ ಬಣ್ಣವಲ್ಲ, ಶಾಸ್ತ್ರದ ಬಣ್ಣವಲ್ಲ, ಬೀಡಿ ಲೇಬಲ್ಲಿನ ನೀಲಿ! ಆ ನೀಲಿಯಲ್ಲಿ ತಿರುಗುತ್ತಿರುವ ಸುಳಿ, ಸುಳಿಯ ನಡುವಿನಿಂದ ಮೇಲೆದ್ದ ಒಂದು ಕೈ.

ನಾನು ಚೀರಿದೆ. ಬಸದಿಯೊಳಗೆ, ಅಷ್ಟೂ ಹೆಣ್ಣುಮಕ್ಕಳ ನಡುವೆ, ಬಾಯಿಬಿಟ್ಟು ಚೀರಿದೆ. ಒಂದು, ಎರಡು, ಮೂರು, ಏಳು, ಎಂಟು, ಹನ್ನೆರಡು! ಹನ್ನೆರಡೂ ಇದ್ದವು. ಒಂದು ಹುಳು ಮುಟ್ಟಿಲ್ಲ, ಒಂದು ಹಾಳೆ ಹರಿದಿಲ್ಲ.

ಉಪಾಧ್ಯೆಯವರು ಬಗ್ಗಿ ನೋಡಿ ತಲೆಯ ಮೇಲೆ ಕೈಯಿಟ್ಟರು. “ಆಯಿ! ಮೂವತ್ತಾರು ವರ್ಷ ಇದಕ್ಕ ಅರ್ಘ್ಯ ಎತ್ತೀವಲ್ಲರಿ! ಏನ್ ಮಾಡಿದ್ರಿ ಇದು?”

“ನಮ್ಮ ಮೈದುನರು ರದ್ದಿಗೆ ಹಾಕತಿದ್ರು,” ಅಂದಳು ಆಯಿ, ಸೆರಗು ಸರಿಮಾಡಿಕೊಂಡು. “ಶಾಸ್ತ್ರದ ಕಪಾಟಿಗೆ ಯಾರು ಕೈ ಹಚ್ಚತಾರ, ಹೇಳ್ರಿ?”

ಉಪಾಧ್ಯೆಯವರು ಎರಡನೆಯ ಸಂಚಿಕೆಯನ್ನು ಎತ್ತಿಕೊಂಡು ನಾಲ್ಕು ಪುಟ ತಿರುವಿದರು, ಯಾರೋ ನೋಡುತ್ತಿದ್ದಾರೆಂದು ನೆನಪಾಗಿ ಕೆಳಗಿಟ್ಟರು.

ಖುಷಿಯಲ್ಲಿ ನನಗೆ ಬುದ್ಧಿ ನೆಟ್ಟಗಿರಲಿಲ್ಲ. ಹನ್ನೆರಡನ್ನೂ ಸಾಲಾಗಿ ಇಟ್ಟು ಫೋಟೋ ತೆಗೆದು ಬಳಗಕ್ಕೆ ಕಳಿಸಿಬಿಟ್ಟೆ. ಮೊಬೈಲು ಜ್ವರ ಬಂದಂತೆ ನಡುಗತೊಡಗಿತು. ಉಗಾರ ಬುದ್ರುಕದವರು, ಅಥಣಿಯವರು, ರಾಯಬಾಗದವರು ಎಲ್ಲರೂ ಒಟ್ಟಿಗೆ ಬರೆಯುತ್ತಿದ್ದರು. ಸಂಗ್ರಾಮ ಬರೆಯುವಷ್ಟು ತಾಳ್ಮೆಯಿಲ್ಲದೆ ಫೋನೇ ಮಾಡಿದ.

“ಅಕ್ಕಾ, ಅಂಗಡಿ ಶಟರ್ ಎಳದೇನಿ, ಗಾಡಿ ಮ್ಯಾಲ ಅದೇನಿ! ಕಡೀ ಹಾಳಿ ತಗದು ಇಡ್ರಿ. ನನ್ನ ಕೈ ಅದರ ಬಾಜೂಕ ಇಟ್ಟು ಫೋಟೋ ತಗಿಯೂಣು!”

ಆಗ ನನಗೆ ಹೊಳೆಯಿತು. ಕೊನೆಯ ಹಾಳೆ! ಅದರಲ್ಲಿ ಏನಿದೆಯೋ ನನಗೇನು ಗೊತ್ತು? ನಿಪ್ಪಾಣಿಯಿಂದ ಬೋರಗಾಂವಕ್ಕೆ ಗಾಡಿಯ ಮೇಲೆ ಅರ್ಧ ತಾಸು. ಅಷ್ಟರೊಳಗೆ ಒಮ್ಮೆ ನೋಡಿಬಿಟ್ಟರೆ ಏನಾದರೂ ಹೊಂದಿಸಬಹುದು ಎಂದು ಹನ್ನೆರಡನೆಯದಕ್ಕೆ ಕೈ ಹಾಕಿದೆ. ಆಯಿ ನನ್ನ ಕೈಯ ಮೇಲೆ ಪಟ್ಟನೆ ಹೊಡೆದಳು.

“ಕಡೀಗೆ ಜಿಗಿಯೂದಿಲ್ಲ. ಬಿಚ್ಚಿದಿ, ಇನ್ನ ಓದು. ಮೊದಲಿಂದ. ಜ್ವಾರಲೇ ಓದು, ನನಗ ಕೇಳಬೇಕು.”

ಆಯಿಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಓದತೊಡಗಿದೆ. ಏನು ಹೇಳಲಿ, ಹತ್ತು ಪುಟ ದಾಟುವಷ್ಟರಲ್ಲಿ ಭಯ ಮರೆತೇ ಹೋಯಿತು. ಎಂಥ ಕಥೆ! ಎಂಥ ಗೆರೆ! ಇಷ್ಟು ವರ್ಷ ಮುಖಪುಟ ನೋಡಿಯೇ ಪಂಡಿತರಂತೆ ಮಾತಾಡಿದೆವಲ್ಲ, ಒಳಗಿನದರ ಕಾಲುಭಾಗವೂ ನಮಗೆ ಗೊತ್ತಿರಲಿಲ್ಲ. ನಾಲ್ಕನೆಯದರಲ್ಲಿ ಸುಳಿಗಾರ ಮಹಾಪೂರದ ನಡುವೆ ಎಮ್ಮೆಯ ಬಾಲ ಹಿಡಿದು ದಂಡೆ ಸೇರುತ್ತಾನೆ. ಆರನೆಯದರಲ್ಲಿ ಕಳ್ಳರಿಗೆ ಝುಣಕಾ ಭಕ್ರಿ ಉಣಿಸಿ ನಿದ್ದೆ ಬರಿಸುತ್ತಾನೆ. ನಾನು ನಗುತ್ತ ಓದುತ್ತಿದ್ದೆ, ಆಯಿ ಕಣ್ಣು ಮುಚ್ಚಿ ಕೇಳುತ್ತ ನನಗಿಂತ ಮೊದಲೇ ನಗುತ್ತಿದ್ದಳು. ಅವಳಿಗೆ ಪ್ರತಿ ಮಾತೂ ಬಾಯಿಪಾಠ. ರಾವಸಾಹೇಬರು ಪ್ರತಿ ತಿಂಗಳು ನಿಪ್ಪಾಣಿಯ ಪ್ಯಾಟಿಯಿಂದ ತಂದು ಅವಳಿಗೆ ಓದಿ ಹೇಳುತ್ತಿದ್ದರಂತೆ. ಹಿಂದಿನ ಓಣಿಯಲ್ಲೇ ಇಡೀ ಸುಳಿಗಾರ ಕೂತಿದ್ದ, ನಾನು ಕೇಳಿರಲೇ ಇಲ್ಲ.

ಸಂಗ್ರಾಮ ಬಂದವನು ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಚಾಪೆಯ ತುದಿಯಲ್ಲಿ ಕೂತ. “ಆಯ್ಲಾ! ಖರೇನ ಅದಾವ!” ಎಂದವನೇ ಪುಟದ ಅಂಚನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ. ಅವನ ತೋಳಿನ ಹಚ್ಚೆ ನನ್ನ ಕಣ್ಣಿಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಸೆರಗು ಹೊದ್ದುಕೊಂಡೆ.

ಊಟಕ್ಕೆ ಅಷ್ಟೇ ಎದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಹನ್ನೆರಡನೆಯದು ನನ್ನ ತೊಡೆಯ ಮೇಲಿತ್ತು.

ಕಳ್ಳರ ದೊರೆ ಸಿಕ್ಕಿಬಿದ್ದ. ಹೊಳೆ ಶಾಂತವಾಯಿತು. ದಂಡೆಯ ಮೇಲೆ ಊರಿಗೆ ಊರೇ ನಿಂತು ‘ಮುಖ ತೋರಿಸು, ಮುಖ ತೋರಿಸು’ ಎನ್ನುತ್ತಿದೆ. ಕೊನೆಯ ಚಿತ್ರ. ಸುಳಿಗಾರನ ಎರಡೂ ಕೈ ಮುಖವಾಡದ ಗಂಟಿನ ಮೇಲಿವೆ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮುಂದಿನ ಸಂಚಿಕೆಯಲ್ಲಿ’. ಅಷ್ಟೇ. ಹಾಳೆ ಮುಗಿದಿತ್ತು. ಎದುರಿನ ಪುಟದಲ್ಲಿ ಸೀಮೆಎಣ್ಣೆ ಸ್ಟೋವಿನ ಜಾಹೀರಾತು.

ಮುಂದಿನ ಸಂಚಿಕೆ ಬಂದೇ ಇಲ್ಲ! ಅಂದರೆ ಮುಕ್ತಾಯವೇ ಇಲ್ಲ, ಅಂದರೆ ನನ್ನನ್ನು ಸುಳ್ಳಿ ಎನ್ನುವ ಪುಟ ಈ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ! ಎದ್ದು ಕುಣಿಯಬೇಕು ಅನ್ನಿಸಿತು. ಸಂಗ್ರಾಮ ಇನ್ನೂ ಪುಟ ನೋಡಿರಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದ. ಆಯಿಯ ಕಣ್ಣು ಮುಚ್ಚಿಯೇ ಇತ್ತು.

“ಓದು ಬೇ. ಕಡೀದು ಉಳದೈತಿ,” ಅಂದಳು.

ಓದಿದೆ. ಸ್ಟೋವಿನ ಜಾಹೀರಾತನ್ನು ನೋಡುತ್ತ ಎಂಟು ವರ್ಷದ ಹಿಂದೆ ಕಟ್ಟಿದ್ದನ್ನೇ ಓದಿದೆ. ಸುಳಿಗಾರ ಮುಖವಾಡದಿಂದ ಕೈ ತೆಗೆದ. ಮಗುವಿಗೆ ಹೇಳಿದ, ‘ನೀರಿಗೆ ಬೆನ್ನು ತೋರಿಸಬೇಡ.’ ಸುಳಿಗೆ ಧುಮುಕಿದ. ಸಂಗ್ರಾಮ ತೋಳು ಹಿಡಿದುಕೊಂಡು ಮೂಗು ಒರೆಸಿಕೊಂಡ.

ಆಯಿ ಕಣ್ಣು ಬಿಟ್ಟಳು. ಹಲ್ಲಿಲ್ಲದ ಬಾಯಿ ತುಂಬ ನಗು.

“ಚೊಲೋ ಕಟ್ಟಿದಿ. ಆದ್ರ ಹಾಳಿ ತಿರುವಿದ ಸಪ್ಪಳಾನ ಬರಲಿಲ್ಲ ನೋಡು. ನಮ್ಮನಿಯವರೂ ಹಿಂಗ. ಕಡೀ ಕಥಿ ಹೇಳೂ ಮುಂದ ಹಾಳಿ ತಿರುವತಿದ್ದಿಲ್ಲ.”

ಸಂಗ್ರಾಮ ಬಗ್ಗಿ ಪುಟ ನೋಡಿದ, ಸ್ಟೋವು ನೋಡಿದ, ನನ್ನನ್ನು ನೋಡಿದ.

“ನಾ ಓದಿರಲಿಲ್ಲ ಸಂಗ್ರಾಮ,” ಅಂದೆ. “ಅಟ್ಟಾ ಇಲ್ಲ, ಮಾಮಾನೂ ಇಲ್ಲ. ಆ ಮಾತು ನಂದು. ನಿನ್ನ ಕೈ ಮ್ಯಾಲ ಇರೂದು ನನ್ನ ಸುಳ್ಳು.”

ಬೈಯುತ್ತಾನೆ ಎಂದುಕೊಂಡೆ. ಅವನು ತೋಳು ತಿರುಗಿಸಿ ತಿರುಗಿಸಿ ನೋಡಿದ. “ನಾನೂ ಒಂದೂ ಓದಿದ್ದಿಲ್ಲ ಅಕ್ಕಾ,” ಅಂದ ಮೆಲ್ಲಗೆ. “ಎಲ್ಲಾರೂ ಓದೇನಿ ಅಂದ್ರು, ನಾನೂ ಅಂದೆ.” ಆಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ.

ಆಯಿ ಮಾತ್ರ ಈಗ ನಗುತ್ತಿರಲಿಲ್ಲ. ಹನ್ನೆರಡನೆಯದನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡಳು.

“ನಮ್ಮನಿಯವರ ಕಡೀ ಕಥ್ಯಾಗ ಮುಖವಾಡ ತಗದ್ರಂತ,” ಅಂದಳು. “ಒಳಗ ಹೆಣ್ಣು ಇತ್ತಂತ. ಅಂಬಿಗನ ಹೇಂತಿ. ಹೆಸರೇನ್ರಿ ಅಂತ ಕೇಳಿದೆ. ಜಿನಮತಿ ಅಂತ ಬರದೈತಿ ಅಂದ್ರು.”

ಸಂಗ್ರಾಮ ಚಾಪೆಯ ಮೇಲೆ ಮುಂದಕ್ಕೆ ಸರಿದ. ಆಯಿ ಮುಂದುವರಿಸಿದಳು.

“ಬರದಿಲ್ಲ ಅಂತ ನನಗ ಅವತ್ತ ಗೊತ್ತಾತು. ಆದ್ರ ಯಾರರ ಓದಿ, ಇಲ್ಲ, ಬ್ಯಾರೇನ ಐತಿ ಅಂದ್ರ? ಅದಕ್ಕ ಸುತ್ತಿಟ್ಟೆ. ಬಿಚ್ಚಾಕ ಬ್ಯಾಸರಾಗಲಿ ಅಂತ ಮ್ಯಾಲಿಂದ ಮ್ಯಾಲ ಸುತ್ತಿದೆ.” ಕೊನೆಯ ಚಿತ್ರದ ಮೇಲೆ ಬೆರಳಿಟ್ಟಳು. “ಈಗ ನೀ ಓದಾಕ ಬಲ್ಲಿ. ಖರೇ ಹೇಳು. ಇಲ್ಲಿ ಏನ್ ಐತಿ?”

ಆಗ ನನಗೆ ಅರ್ಥವಾಯಿತು, ಈ ದಿನ ಹೆದರಿದ್ದು ನಾನೊಬ್ಬಳೇ ಅಲ್ಲ. ಆ ಪುಟವನ್ನು ಅವಳ ಮುಖದ ಹತ್ತಿರ ಹಿಡಿದೆ. ಜೀವನದಲ್ಲಿ ಅಷ್ಟು ಖುಷಿಯಿಂದ ನಿಜ ಹೇಳಿದ್ದು ನನಗೆ ನೆನಪಿಲ್ಲ.

“ಮುಖವಾಡ ಇನ್ನೂ ಮಾರಿ ಮ್ಯಾಲನ ಐತಿ, ಆಯಿ. ಮುಂದಿನ ಪುಸ್ತಕ ಅಚ್ಚ ಆಗಿಲ್ಲ. ಒಳಗ ಇರಾಕಿ ನೀ ಅಲ್ಲ ಅನ್ನೂ ಹಾಳಿ ಎಲ್ಲೂ ಇಲ್ಲ.”

“ಖರೇನ?”

“ಖರೇನ ಆಯಿ.”

ಆಯಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಸಂಗ್ರಾಮ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದ. ನಾನು ಮೊಬೈಲು ತೆಗೆದು ಬಳಗಕ್ಕೆ ಬರೆದೆ. ನಾನು ಓದಿರಲಿಲ್ಲ, ನಾನು ಹೇಳಿದ್ದ ಮುಕ್ತಾಯ ಸುಳ್ಳು, ಪುಸ್ತಕದಲ್ಲಿ ಮುಕ್ತಾಯವೇ ಇಲ್ಲ, ಆದರೆ ಬೋರಗಾಂವದಲ್ಲಿ ಒಂದು ಮುಕ್ತಾಯ ಮೂವತ್ತಾರು ವರ್ಷದಿಂದ ಕಾದಿದೆ ಎಂದು ಬರೆದೆ. ಮುಖವಾಡದೊಳಗೆ ಅಂಬಿಗನ ಹೆಂಡತಿ ಜಿನಮತಿ ಎಂದು ಅದನ್ನೂ ಬರೆದು, ಆಯಿಗೆ ಜೋರಾಗಿ ಓದಿ ಹೇಳಿದೆ.

ಆಯಿ ತಲೆಯಲ್ಲಾಡಿಸಿದಳು. “ಬರೇ ಜಿನಮತಿ ಅಂದ್ರ ಊರಾಗ ನಾಲ್ಕು ಮಂದಿ ಅದಾರ. ಪೂರ್ತಿ ಹೆಸರು ಬರಿ. ಜಿನಮತಿ ರಾವಸಾಹೇಬ ಚೌಗಲೆ.”