ಮಡಿವಾಳೆಪ್ಪನ ಸಣ್ಣ ಬಂದೂಕು

ಮಡಿವಾಳೆಪ್ಪನಿಗೆ ಬಂದೂಕಿನ ಹುಚ್ಚು ಇತ್ತೇ ಹೊರತು ಬೇಟೆಯ ಹುಚ್ಚು ಇರಲಿಲ್ಲ. ಲಿಂಗವಂತರ ಮನೆತನ, ಮನೆಯಲ್ಲಿ ಯಾರಾದರೂ ಮೊಟ್ಟೆಯ ಹೆಸರೆತ್ತಿದರೆ ಅವನ ಅವ್ವ ರೇವವ್ವ ಹೋಗಿ ಬಾಯಿ ತೊಳೆದುಕೊಂಡು ಬಾ ಎನ್ನುತ್ತಿದ್ದಳು. ಇಂಥ ಮನೆಯ ಮಗ ಹುಬ್ಬಳ್ಳಿಗೆ ಹೋಗಿ ಪಾಯಿಂಟ್ ಟೂಟೂ ರೈಫಲ್ಲು ತಂದ. ದುಮ್ಮವಾಡದಿಂದ ಆಚೆಗಿರುವ ನಮ್ಮೂರಿಗೆ ಅದೇ ಮೊದಲ ರೈಫಲ್ಲು. ಲೈಸನ್ಸು ಬೆಳೆ ಕಾಯಲೆಂದು ಸಿಕ್ಕಿದ್ದು, ಅವನಿಗೆ ಬೇಕಾದದ್ದು ಮಾತ್ರ ಗುರಿಯಾಟ. ಹಳ್ಳದ ದಂಡೆಗೆ ಒಡಕು ಗಡಿಗೆಗಳನ್ನು ತೂಗುಬಿಟ್ಟು ಹೊಡೆಯುತ್ತಿದ್ದ. ಧಾರವಾಡದ ಪಂದ್ಯದಲ್ಲಿ ಕಪ್ಪು ಗೆದ್ದು ಬಂದಾಗ ಅವನಿಗಿಂತ ನಾವೇ ಹೆಚ್ಚು ಬೀಗಿದೆವು. ಜೀವ ಇರುವ ಯಾವುದರ ಮೇಲೂ ಹಾರಿಸುವುದಿಲ್ಲ ಎಂದು ಅವ್ವನ ಮುಂದೆ ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟಿದ್ದ. ಆ ಮಾತಿಗೆ ತಪ್ಪಿರಲಿಲ್ಲ.

ಅದರ ಗುಂಡು ಶೇಂಗಾ ಕಾಳಿನಷ್ಟೇ. ಸಪ್ಪಳ ಒಣಗಿದ ತೊಗರಿಕಡ್ಡಿ ಮುರಿದಂತೆ. ಪ್ರತಿ ಗುಂಡಿಗೂ ಬೋಲ್ಟು ಎತ್ತಿ ಹಿಂದಕ್ಕೆ ಎಳೆದು ಮತ್ತೆ ಮುಂದಕ್ಕೆ ನೂಕಬೇಕು. ಮಹಾನವಮಿಗೆ ಕುಡಗೋಲು, ಕೊಡಲಿಯ ಸಾಲಿನಲ್ಲಿ ಅದಕ್ಕೂ ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದರು. ಆದರೂ ಊರಿನ ಲೆಕ್ಕದಲ್ಲಿ ಅದು ಆಟಿಕೆಯ ಸಾಮಾನು. ಇಷ್ಟು ಸಣ್ಣದು ಯಾರನ್ನು ಕೊಂದೀತು ಎಂದು ನಂಬಿಕೊಂಡೇ ಇದ್ದೆವು.

ಎಪ್ಪತ್ತಾರರಲ್ಲಿ, ಶೇಂಗಾ ಕೀಳುವ ಹೊತ್ತಿಗೆ, ಕಾಡಿನ ಕಡೆಯಿಂದ ಮಂಗಗಳ ಹಿಂಡು ಬಂತು. ನಮ್ಮೂರ ಭಕ್ತಿಯ ಬಗ್ಗೆ ಕೇಳಬೇಡಿ. ಹನುಮಂತದೇವರ ಮಂದಿ ಎಂದು ಕೈ ಮುಗಿಯುವುದು, ಮುಗಿದ ಕೈಯಲ್ಲೇ ಕಲ್ಲು ಹುಡುಕುವುದು. ಕಲ್ಲಿಗೆ ಅವು ಜಗ್ಗದಾಗ ಎಲ್ಲರ ಕಣ್ಣೂ ಮಡಿವಾಳೆಪ್ಪನ ಮೇಲೆ ಬಿತ್ತು. ದಿನವೂ ಯಾರಾದರೂ ಒಬ್ಬರು ಅವನ ಕಟ್ಟೆಗೆ ಬಂದು ಕೂಡುವವರೇ. ಅವನು ಹೋಗಿ ಆಕಾಶಕ್ಕೆ ಹಾರಿಸಿ ಬರುತ್ತಿದ್ದ. ಮೊದಲು ಮಂಗಗಳು ಓಡಿದವು, ಆಮೇಲೆ ಕೂತಲ್ಲಿಂದಲೇ ಅವನ ಮುಖ ನೋಡತೊಡಗಿದವು. ಅವ್ವನಿಗೆ ಅವನು ಕೊಟ್ಟ ಮಾತು ಅವುಗಳಿಗೂ ತಿಳಿದಿರಬೇಕು ಎಂದು ಊರಲ್ಲಿ ನಗುತ್ತಿದ್ದರು.

ಒಂದು ಮುಂಜಾನೆ ಗೌರಕ್ಕ ಅವನ ಬಾಗಿಲಿಗೆ ಬಂದಳು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದ ಹೆಂಗಸು. ಮಾಡಿನ ಮೇಲೆ ಹಬ್ಬಿಸಿದ ಕುಂಬಳದ ಬಳ್ಳಿಯನ್ನು ಮಂಗಗಳು ಕಿತ್ತು ಹೆಂಚು ಒಡೆದಿದ್ದವು. ಹಿಂದಿನ ದಿನದ ಮಳೆ ನೇರವಾಗಿ ಜೋಳದ ಚೀಲದ ಮೇಲೆ ಸುರಿದಿತ್ತು. ಅತ್ತು ಅತ್ತು ಅವಳ ದನಿ ಒಡೆದಿತ್ತು. ಮಡಿವಾಳೆಪ್ಪ ಬಂದೂಕು ತೆಗೆದುಕೊಂಡು ಅವಳ ಹಿಂದೆ ನಡೆದ.

ಅಷ್ಟರಲ್ಲಿ ಓಣಿಯೆಲ್ಲ ಅವಳ ಅಂಗಳದಲ್ಲಿ ಕೂಡಿತ್ತು. ಊರ ಹಿರಿಯ ಶಿದ್ಲಿಂಗಪ್ಪ, ಬರೀ ಸಪ್ಪಳಕ್ಕೆ ಇವು ಹೆದರುವುದಿಲ್ಲ, ಬಾಜೂಕ್ಕೆ ಹೊಡೆದು ಕಲ್ಲಿನ ಚೂರು ಸಿಡಿಸು ಎಂದ. ಉಳಿದವರೂ ಹೌದು ಹೌದು ಎಂದರು. ಮಡಿವಾಳೆಪ್ಪ ಬಹಳ ಹೊತ್ತು ನೋಡಿ, ಮಂಗಗಳಿಂದ ದೂರ, ಮಾಡಿನ ಅಂಚಿಗೆ ನಿಂತ ಕಲ್ಲುಕಂಬಕ್ಕೆ ಗುರಿ ಇಟ್ಟ. ಗುರಿ ತಪ್ಪಲಿಲ್ಲ. ಗುಂಡು ಕಂಬಕ್ಕೇ ಬಡಿಯಿತು; ಬಡಿದು ಓರೆಯಾಗಿ ಸಿಡಿದದ್ದೇ ಕೇಡಾಯಿತು. ಮಾಡಿನ ನೆತ್ತಿಯಲ್ಲಿ ಕೂತಿದ್ದ ಹೆಣ್ಣುಮಂಗವೊಂದು ಎದೆ ಹಿಡಿದುಕೊಂಡಿತು. ಹೆಂಚುಗಳ ಜೊತೆಗೇ ಜಾರಿ ಅಂಗಳಕ್ಕೆ ಬಿತ್ತು.

ಮಡಿವಾಳೆಪ್ಪ ಬಂದೂಕು ಬಿಸಾಕಿ ಓಡಿ ಅದನ್ನು ತೊಡೆಯ ಮೇಲೆ ತೆಗೆದುಕೊಂಡ. ಯಾರಾದರೂ ನೀರು ತರ್ರಿ ಎಂದ. ನೀರು ಬರುವಷ್ಟರಲ್ಲಿ ಜೀವ ಹೋಗಿತ್ತು. ತಲೆಯೆತ್ತಿ ನೋಡಿದರೆ, ಹೌದು ಹೌದು ಎಂದಿದ್ದವರೆಲ್ಲ ಹಿಂದೆ ಸರಿದು ನಿಂತಿದ್ದರು. ಮನುಷ್ಯರ ನಾಲಿಗೆ ಎಷ್ಟು ಬೇಗ ಹೊರಳುತ್ತದೆ ಎಂಬುದನ್ನು ನಾನು ಅವತ್ತು ಕಂಡೆ. ಹೊಡಿ ಎಂದು ಇವನಿಗೆ ಯಾರು ಹೇಳಿದ್ದರು ಎಂದು ಒಬ್ಬ ಕೇಳಿಯೂಬಿಟ್ಟ.

ನಮ್ಮ ಕಡೆ ಊರೊಳಗೆ ಮಂಗ ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ. ಮಧ್ಯಾಹ್ನ ಬಿದಿರಿನ ಚಟ್ಟ ಕಟ್ಟಿದರು, ಹೊಸ ಬಟ್ಟೆ ಉಡಿಸಿ ಕೂಡಿಸಿದರು, ಭಜನೆ ಹಾಡುತ್ತಾ ಹನುಮಂತದೇವರ ಗುಡಿಯ ಹಿಂದಕ್ಕೆ ಒಯ್ದರು. ಮಡಿವಾಳೆಪ್ಪ ಎಲ್ಲರಿಗಿಂತ ಹಿಂದೆ ಬಂದ. ಕುಣಿಗೆ ಮಣ್ಣು ಹಾಕುವ ಹೊತ್ತಿಗೆ ಅವನೂ ಒಂದು ಹಿಡಿ ತೆಗೆದುಕೊಂಡ. ಶಿದ್ಲಿಂಗಪ್ಪ ಅಡ್ಡ ಕೈ ಚಾಚಿದ.

"ಹೊಡದ ಕೈಲೆ ಮಣ್ಣ ಹಾಕಬ್ಯಾಡ. ನೀ ಹಿಂದ ಸರಿ."

ಊರು ಕೂಡಿ ಮಾಡುವ ಮಣ್ಣಿಗೆ ಒಬ್ಬನ ಕೈ ಬೇಡವಾಯಿತೆಂದರೆ ನಾಳೆ ಅವನ ಮನೆಯ ನೀರೂ ಬೇಡವಾಗುತ್ತದೆ, ಮದುವೆಗೆ ಕರೆಯುವುದೂ ನಿಲ್ಲುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಡಿವಾಳೆಪ್ಪನಿಗೂ ಗೊತ್ತಿತ್ತು. ಹಿಂದಕ್ಕೆ ಹೆಜ್ಜೆ ಇಟ್ಟ. ಹಿಡಿದ ಮಣ್ಣನ್ನು ಮಾತ್ರ ಬಿಡಲಿಲ್ಲ.

ಹೆಂಗಸರು ಕುಣಿಯ ಹತ್ತಿರ ಬರುವ ರೂಢಿ ನಮ್ಮಲ್ಲಿ ಇಲ್ಲ. ಗೌರಕ್ಕ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಗಂಡಸರ ನಡುವೆ ಹಾಯ್ದು ಹೋಗಿ ಮಡಿವಾಳೆಪ್ಪನ ಮಣಿಕಟ್ಟು ಹಿಡಿದಳು. ಅವನನ್ನು ಎಳೆದು ತಂದು ಕುಣಿಯ ಅಂಚಿಗೆ ನಿಲ್ಲಿಸಿದಳು.

"ಮುಂಜಾನೆ ನಾ ಕರದೆ, ಬಂದ," ಎಂದಳು. "ಈಗೂ ನಾನ ಕರಕೊಂಡ ಬಂದೇನಿ. ಬ್ಯಾಡನ್ನಾವ್ರು ಮೊದಲ ನನಗ ಅನ್ರಿ."

ಭಜನೆಯ ತಾಳ ನಿಂತಿತ್ತು. ಮಡಿವಾಳೆಪ್ಪನ ಮುಷ್ಟಿ ಬಿಗಿದೇ ಇತ್ತು. ಬಿಚ್ಚಲು ಅವನಿಗೆ ಆಗುತ್ತಿರಲಿಲ್ಲ. ಗೌರಕ್ಕ ಒಂದೊಂದೇ ಬೆರಳು ಬಿಡಿಸಿದಳು. ಮಣ್ಣು ಬಿತ್ತು. ಅಷ್ಟು ಹೊತ್ತಿನಿಂದ ಅಳದಿದ್ದವನು ಆಗ ಅತ್ತ, ಸಣ್ಣ ಕೂಸಿನಂತೆ ದನಿ ತೆಗೆದು ಅತ್ತ. ಅವನನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಆಮೇಲೆ ಶಿದ್ಲಿಂಗಪ್ಪ ಬಗ್ಗಿ ತಾನೂ ಒಂದು ಹಿಡಿ ಮಣ್ಣು ತೆಗೆದುಕೊಂಡು, ಮಡಿವಾಳೆಪ್ಪನ ಹಿಂದೆ ಪಾಳಿಗೆ ನಿಂತ.