ಎರಡು ಶಾಲು, ಒಂದು ಪೇಟ

ಐರ್ಲೆಂಡ್ ತಟಸ್ಥ ದೇಶ. ಆ ನೆಲದ ಗುಣ ನಮಗೂ ಅಂಟಿದೆ ಎಂದು ಅಲ್ಲಿನ ಗಾಲ್ವೇ ಊರಿನ ನಮ್ಮ ಕನ್ನಡ ಬಳಗದ ಅಧ್ಯಕ್ಷ ಚಾಮರಾಜ ನಂಬಿದ್ದ. ಹಾಗಾಗಿ ಪರಸ್ಪರ ಯುದ್ಧ ನಡೆಸುತ್ತಿದ್ದ ಎರಡು ದೇಶಗಳ ರಾಯಭಾರಿಗಳು ರಾಜ್ಯೋತ್ಸವಕ್ಕೆ ಬರುತ್ತೇವೆಂದಾಗ ಇಬ್ಬರಿಗೂ ಹೂಂ ಅಂದ. ಒಬ್ಬರು ಊಟ ಹಾಕಿಸಿದರು, ಇನ್ನೊಬ್ಬರು ಮೈಕ್ ಸೆಟ್ ಕೊಟ್ಟರು. ತಟಸ್ಥರಾದ ನಾವು ಎರಡನ್ನೂ ಸ್ವೀಕರಿಸಿದೆವು.

ಸನ್ಮಾನದ ಹೊತ್ತಿಗೆ ನೋಡಿದರೆ ಶಾಲು ಎರಡಿದ್ದವು, ಮೈಸೂರು ಪೇಟ ಒಂದೇ.

“ಮೈಕ್ ಕೊಟ್ಟೋರಿಗೆ ಪೇಟ ತೊಡ್ಸೋಣ,” ಎಂದ ಚಾಮರಾಜ.

“ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ಯಾಕೆ ನಿಂಗೆ?” ಎಂದಳು ಕಾರ್ಯದರ್ಶಿ ಅಜ್ರಾ.

ವೇದಿಕೆಯ ಹಿಂದೆ ಸಮಿತಿ ಎರಡು ಪಾಳಯವಾಯಿತು. ಆಕ್ರಮಣಕೋರ, ಕೈಗೊಂಬೆ ಎಂಬ ಬೈಗುಳಗಳು ಅಚ್ಚಗನ್ನಡದಲ್ಲೇ ಹಾರಾಡಿದವು. ಕಾದು ಬೇಸತ್ತ ರಾಯಭಾರಿಗಳು ಅಕ್ಕಪಕ್ಕ ಕೂತು ಬಿಸಿಬೇಳೆಬಾತ್ ತಿಂದರು, ‘ಗ್ರ್ಯಾಂಡ್’ ಎಂದು ಹೊಗಳಿದರು, ಒಂದೇ ಟ್ಯಾಕ್ಸಿ ಹತ್ತಿ ಹೊರಟರು.

ಐರ್ಲೆಂಡ್ ಇವತ್ತಿಗೂ ತಟಸ್ಥವಾಗಿಯೇ ಇದೆ. ಗಾಲ್ವೇಯಲ್ಲಿ ಮಾತ್ರ ಈಗ ಎರಡು ಕನ್ನಡ ಬಳಗಗಳಿವೆ. ನಮ್ಮ ನಡುವೆ ರಾಜಿ ಮಾಡಿಸಲು ಆ ರಾಯಭಾರಿಗಳಿಬ್ಬರೂ ಜೊತೆಯಾಗಿ ಮುಂದೆ ಬಂದಿದ್ದಾರೆ.